ಪಕ್ಕದ ಏರ್‌ಪೋರ್ಟಿನ ರನ್‌ವೇ

ಬನಶಂಕರಿಯಲ್ಲಿ ಏರ್‌ಪೋರ್ಟ್ ಬಸ್ಸಿಗೆ ಕಾಯುತ್ತಿದ್ದ ಜಯಶೀಲಾ, ಹಿಂದೆ ನಿಂತಿದ್ದ ಇಬ್ಬರ ಮಾತಿಗೆ ಕಿವಿಗೊಟ್ಟರು. ಇಬ್ಬರೂ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್‌ಗಳು.

“ನಿನ್ನೆ ಒಬ್ರು ಪೈಲಟ್ ನಮ್ಮದು ಅಂದ್ಕೊಂಡು ಪಕ್ಕದ ಏರ್‌ಪೋರ್ಟ್ ರನ್‌ವೇಗೆ ಇಳೀತಿದ್ರು ಸಾರ್,” ಎಂದಳು ಹುಡುಗಿ.

“ನೀನೇನ್ ಮಾಡ್ದೆ ಭಾಗ್ಯಾ?” ಎಂದರು ಹಿರಿಯರು.

“ಮೇಲಕ್ಕೆ ಹೋಗಿ ಅಂದೆ. ರನ್‌ವೇ ಕಾಣ್ತಿದೆಯಲ್ಲಾ ಅಂದ್ರು.”

“ಆಮೇಲೆ?”

“ಅದು ನಮ್ಮದಲ್ಲ, ಈಗ್ಲೇ ಮೇಲೇರಿ ಅಂದೆ. ಏರಿದ್ರು. ಅಷ್ಟರಲ್ಲಿ ಆ ಏರ್‌ಪೋರ್ಟಿನ ಕಂಟ್ರೋಲ್ ಟವರ್‌ನವರು ಅದೇ ರನ್‌ವೇಯಿಂದ ಹೊರಡ್ತಿದ್ದ ವಿಮಾನ ತಡೆದಿದ್ರು.”

“ಇವತ್ತು ರಜಾ ಹಾಕ್ಬೋದಿತ್ತು.”

“ಭಯ ಇನ್ನೂ ಹೋಗಿಲ್ಲ ಸಾರ್. ಆದ್ರೂ ಅದೇ ಸೀಟಲ್ಲಿ ಕೂರ್ತೀನಿ. ಇವತ್ತು ತಪ್ಪಿಸಿದ್ರೆ ನಾಳೆ ಕೂರೋಕಾಗಲ್ಲ.”

ಬಸ್ ಬಂತು. ಮಧ್ಯಾಹ್ನದ ವಿಮಾನದಲ್ಲಿ ಬರುವ ಮಗಳನ್ನು ಕರೆತರಲು ಹೊರಟಿದ್ದ ಜಯಶೀಲಾ ಪಕ್ಕಕ್ಕೆ ಸರಿದರು.

“ನೀನು ಮೊದಲು ಹತ್ತಮ್ಮ,” ಎಂದರು ಭಾಗ್ಯಾಗೆ.