ಹೊಗೆಗುಂಡಿಯ ಸಾಕ್ಷಿ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ಅಣ್ಣಯ್ಯಪ್ಪನವರೇ, ನಮ್ಮ ಮಾಜಿ ಸೈನಿಕರ ಸಂಘದ ಗೆಳೆಯರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಪಾಪಾತಿಯಮ್ಮನವರೇ, ಸಭಿಕರೇ,

ಕನ್ನಡದಲ್ಲೇ ಮಾತಾಡಿ ಎಂದು ಅಧ್ಯಕ್ಷರು ಹೇಳಿದರು. ನನಗೆ ಅದು ಮನೆಯಲ್ಲಿ ಆಡುವ ಭಾಷೆ, ಬರೆಯಲು ಬಾರದು; ಓದಿದ್ದು ಬರೆದಿದ್ದೆಲ್ಲ ತಮಿಳಿನಲ್ಲಿ. ಹಾಗಾಗಿ ಚೀಟಿ ತಂದಿಲ್ಲ. ಚೀಟಿಯಿಲ್ಲದ ಸುಬೇದಾರನ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೋ, ತಾವು ಸಹಿಸಿಕೊಳ್ಳಬೇಕು.

ಮುನುಸ್ವಾಮಿಯ ಹೆಂಡತಿ ಪಾಪಾತಿಯಮ್ಮನವರಿಗೆ ಸರ್ಕಾರದ ಪಿಂಚಣಿ ಸಿಕ್ಕಿದ್ದು ಈ ನಾಗರಾಜನ್ ಬರೆದುಕೊಟ್ಟ ಸಾಕ್ಷಿಯಿಂದ ಎಂದು ಹೊಗಳಿದಿರಿ. ಆ ಸಾಕ್ಷಿಯನ್ನು ಯಾವಾಗ ಬರೆದೆ ಎಂದು ಯಾರಾದರೂ ಕೇಳಿದಿರಾ?

ಮುನುಸ್ವಾಮಿ ತಾರಮಂಗಲದ ನೇಕಾರರ ಮಗ. ಬೆಟ್ಟದ ಶಿಬಿರದಲ್ಲಿ ಕಸ ಸುಡುವ ಗುಂಡಿಗೆ ಅವನನ್ನು ಹಾಕಿದವನು ನಾನು. ಪ್ಲಾಸ್ಟಿಕ್, ಟೈರು, ಹಳೆಯ ಬ್ಯಾಟರಿ, ಆಸ್ಪತ್ರೆಯ ಕಸ, ಎಲ್ಲಕ್ಕೂ ಸೀಮೆಎಣ್ಣೆ ಸುರಿದು ಎರಡು ವರ್ಷ ಸುಟ್ಟ. ಒಂದು ದಿನ ಕರಿಯ ಕಫ ಉಗುಳಿ ಬಂದು ಕೇಳಿದ: "ಸಾಬ್, ಮೂಗಿಗೆ ಕಟ್ಕಳಾಕೆ ಏನಾರ ಐತಾ?"

ಇತ್ತು. ಮುಖಗವಸುಗಳ ಒಂದು ಪೆಟ್ಟಿಗೆಯೇ ಇತ್ತು. ತಪಾಸಣೆಗೆ ಬರುವ ಅಧಿಕಾರಿಗಳಿಗೆ ಹೊಸದಾಗಿಯೇ ಇಟ್ಟು ತೋರಿಸಬೇಕೆಂದು ನಾನು ಅದನ್ನು ಒಡೆದಿರಲಿಲ್ಲ. "ಟವಲ್ ಕಟ್ಕಂಡು ಓಗಲಾ" ಎಂದೆ.

ನಿವೃತ್ತಿಯಾದ ಮೇಲೆ ಅವನ ಶ್ವಾಸಕೋಶ ಕಲ್ಲಿನಂತೆ ಗಟ್ಟಿಯಾಗಿ ಉಸಿರಾಡುವುದೇ ಕಷ್ಟವಾಯಿತು. ಸೇವೆಯಿಂದ ಬಂದ ಕಾಯಿಲೆಗೆ ಸರ್ಕಾರ ಚಿಕಿತ್ಸೆ, ಪಿಂಚಣಿ ಎರಡನ್ನೂ ಕೊಡುತ್ತದೆ. ಆದರೆ ಕಚೇರಿಯವರು, ಇದು ಮಗ್ಗದ ಹತ್ತಿಧೂಳಿನ ಕೆಮ್ಮು, ಹೊಗೆಯದು ಎನ್ನಲು ಸಾಕ್ಷಿ ತನ್ನಿ ಎಂದರು. ಪಾಪಾತಿಯಮ್ಮ ಎರಡು ಬಸ್ಸು ಹತ್ತಿ ಅದಿಯಮಾನ್‌ಕೋಟೆಯ ನನ್ನ ಮನೆಗೆ ಬಂದರು.

"ಅಣ್ಣಾ, ಒಂದು ಲೆಟರ್ ಬರ್ಕೊಡಿ. ಅವ್ರು ಆ ಹೊಗೇಲಿ ನಿಂತಿದ್ದು ನಿಜ ಅಂತ. ಅಷ್ಟು ಸಾಕು."

"ನೆಪ್ಪಿಲ್ಲಮ್ಮ" ಎಂದೆ.

ನೆನಪಿರಲಿಲ್ಲವೇ? ಆ ಪೆಟ್ಟಿಗೆಯ ಮೇಲಿನ ಹಸಿರು ಪಟ್ಟಿ ಕೂಡ ನೆನಪಿತ್ತು. ಬರೆದುಕೊಟ್ಟರೆ, ಮುಖಗವಸು ಏಕೆ ಕೊಡಲಿಲ್ಲ ಎಂದು ನನ್ನನ್ನು ಕೇಳುತ್ತಾರೆ ಎಂಬ ಭಯ. ಯುದ್ಧಕ್ಕೆ ಹೆದರದವನು ಒಂದು ಕಾಗದಕ್ಕೆ ಹೆದರಿದೆ. ನನ್ನ ಹೆಂಡತಿ ಕೊಟ್ಟ ಕಾಫಿ ಕುಡಿದು, ಆ ತಾಯಿ ಲೋಟವನ್ನು ತಾವೇ ತೊಳೆದಿಟ್ಟು ಹೋದರು.

ಎಂಟು ತಿಂಗಳಿಗೆ ಮುನುಸ್ವಾಮಿ ತೀರಿಕೊಂಡ. ಸಾವಿನ ಮನೆಗೆ ಹೋದೆ. ಪಾಪಾತಿಯಮ್ಮ ನನ್ನನ್ನು ಬಯ್ಯಲಿಲ್ಲ. "ನೀವು ನೆಪ್ಪಿಲ್ಲ ಅಂದ್ರಿ ಅಂತ ಅವ್ರಿಗೆ ಹೇಳ್ದೆ ಅಣ್ಣಾ. ಸಾಬ್‌ಗೆ ವಯಸ್ಸಾಯ್ತು ಪಾಪ, ಮರ್ತಿರ್ತಾರೆ, ಏನೂ ಅನ್ಬೇಡ ಅಂದ್ರು."

ಮಾರನೆಯ ದಿನವೇ ಬರೆದುಕೊಟ್ಟೆ. ಪಿಂಚಣಿ ಹೆಂಡತಿಗೆ ಬಂತು. ಅವನಿಗೆ ಸಿಗಬೇಕಾಗಿದ್ದ ಚಿಕಿತ್ಸೆ ಯಾರಿಗೆ ಬರಬೇಕು?

ಇನ್ನೊಂದು ಮಾತು. ಆ ಪತ್ರದಲ್ಲೂ ನಾನು ಪೆಟ್ಟಿಗೆಯ ವಿಷಯ ಬರೆಯಲಿಲ್ಲ. ಪಾಪಾತಿಯಮ್ಮನಿಗೂ ಅದು ತಿಳಿಯುತ್ತಿರುವುದು ಈಗಲೇ. ಅಮ್ಮ, ತಲೆ ತಗ್ಗಿಸಬೇಡಿ. ತಗ್ಗಿಸಬೇಕಾದವನು ಇಲ್ಲಿ ನಿಂತಿದ್ದಾನೆ.

ಆ ಗುಂಡಿಯ ಬಳಿ ದುಡಿದ ಇನ್ನಿಬ್ಬರು ಈ ಸಭೆಯಲ್ಲಿದ್ದಾರೆ. ಅವರ ಕೆಮ್ಮು ನನಗೆ ಇಲ್ಲಿಗೇ ಕೇಳಿಸುತ್ತಿದೆ. ನೀವು ಬಂದು ಕೇಳಬೇಕಾಗಿಲ್ಲ, ನಾಳೆ ನಾನೇ ನಿಮ್ಮ ಮನೆಗೆ ಬರುತ್ತೇನೆ. ಈ ಸಲ ಎಲ್ಲವನ್ನೂ ಬರೆದು ಸಹಿ ಹಾಕುತ್ತೇನೆ.

ಇಷ್ಟು ಹೊತ್ತು ಎದ್ದುಹೋಗದೆ ಕೇಳಿದ್ದೀರಿ, ಅದು ನಿಮ್ಮ ದೊಡ್ಡತನ. ನಮಸ್ಕಾರ.