ಬಿಸಿ ತೋರಿಸುವ ಮೀಟರ್

ಅಪ್ಪನ ಪಿಕಪ್ಪಿಗೆ ಒಂದು ಆಯಿಲ್ ಫಿಲ್ಟರ್ ಬೇಕಿತ್ತು. ಅಷ್ಟು ಕೇಳುವುದಕ್ಕೂ ತನಗೆ ಬಾಯಿ ಬರದಿದ್ದರೆ ಏನು ಗತಿ ಎಂದುಕೊಳ್ಳುತ್ತ ಮಾರ್ನಿ ಅಮೆರಿಕದ ವಯೋಮಿಂಗಿನ ಡೀಸೆಲ್ ಗ್ಯಾರೇಜೊಂದರ ಬೆಂಚಿನಲ್ಲಿ ಮುದುಡಿ ಕುಳಿತಿದ್ದಳು. ಪಕ್ಕದಲ್ಲಿ ಮುದುಕ ಓರ್ವಿಲ್ ಮತ್ತು ಅವನ ಮಗಳು ಲೋರೀನ್ ತಮ್ಮ ಹಳೇ ಟ್ರಕ್ಕಿನ ವಿಷಯಕ್ಕೆ ಜಗಳಕ್ಕಿಳಿದಿದ್ದರು.

“ದೊಡ್ಡ ಇಂಜೆಕ್ಟರ್, ಹೊಸ ಪಂಪ್ ಎಲ್ಲಾ ಹಾಕ್ಸು, ಬೇಡ ಅಂದೆನಾ? ಜೊತೆಗೆ ಎಂಜಿನ್ ಬಿಸಿ ತೋರ್ಸೋ ಮೀಟರೂ ಹಾಕ್ಸಪ್ಪ,” ಎಂದಳು ಲೋರೀನ್.

“ಮೀಟರ್ ಯಾಕೆ? ಎಂಜಿನ್ ಸದ್ದು ಬದಲಾಯ್ತು ಅಂದ್ರೆ ಆಕ್ಸಿಲರೇಟರಿಂದ ಕಾಲು ತೆಗೀತೀನಿ. ಇಷ್ಟು ವರ್ಷ ಹಂಗೇ ಓಡ್ಸಿಲ್ವಾ?”

“ಆಗ ಇಷ್ಟೊಂದು ಡೀಸೆಲ್ ಕುಡೀತಿರ್ಲಿಲ್ಲ. ನಾಳೆ ಕುದುರೆ ಟ್ರೈಲರ್ ಎಳ್ಕೊಂಡು ಘಾಟಿ ಹತ್ತೋವಾಗ ಬಿಸಿ ಜಾಸ್ತಿಯಾಗಿ ಪಿಸ್ಟನ್ ಕರಗಿಹೋದ್ರೆ? ಪಕ್ಕದಲ್ಲಿ ನನ್ನ ಮಗು ಕೂತಿರುತ್ತೆ.”

“ನಿಮ್ಮಮ್ಮನ ಥರಾನೇ ಕೊರೀತೀಯ. ನಂದು ಇನ್ನೂ ನಾಯಿ ಕಿವಿ ಕಣೇ, ಸಣ್ಣ ಸದ್ದೂ ಕೇಳುತ್ತೆ.”

ಲೋರೀನಳಿಗೆ ಫೋನ್ ಬಂತು. ಅವಳು ಹೊರಗೆ ಹೋದಳು.

ಕೌಂಟರಿನವನು “ಓರ್ವಿಲ್!” ಎಂದು ಕೂಗಿದ. ಮುದುಕ ಕಿಟಕಿಯಾಚೆ ನಿಂತ ತನ್ನ ಟ್ರಕ್ಕನ್ನೇ ಮೆಚ್ಚಿ ನೋಡುತ್ತಿದ್ದ. ಇನ್ನೊಮ್ಮೆ ಜೋರಾಗಿ ಕೂಗಿದರೂ ತಿರುಗಲಿಲ್ಲ. ಕೌಂಟರಿನವನು ಗೊಣಗುತ್ತ ಒಳಗೆ ಹೋದ.

ಲೋರೀನ್ ಮರಳಿ ಬಂದಳು. “ಕರೆದ್ರಾ ಅಪ್ಪಾ?”

“ಎಲ್ಲಿ! ಈ ಸೋಮಾರಿಗಳು ಸಂಜೆ ತನಕ ಕರೆಯೋದಿಲ್ಲ.”

“ಹೋಗ್ಲಿ ಬಿಡು, ನೀನೇ ಗೆದ್ದೆ. ಮೀಟರ್ ಬೇಡ ಅಂತಾನೇ ಹೇಳ್ತೀನಿ.”

ಮಾರ್ನಿ ಲೋರೀನಳತ್ತ ತಿರುಗಿದಳು. ಅವಳು ಎದ್ದು ನಿಂತಳು.

“ಎರಡು ಸಲ ಕೂಗಿದ್ರು, ಮೇಡಂ,” ಎಂದಳು. “ನಿಮ್ಮ ತಂದೆಗೆ ಕೇಳಿಸ್ಲಿಲ್ಲ.”