ಮಲ್ಲಾಜಮ್ಮ ಹಾಕಿದ ಗಂಟು

ಹುಣಸೂರಿನ ಮೂಳೆ ಆಸ್ಪತ್ರೆಯಲ್ಲಿ ಮುಂದಿನ ಬೆಂಚಿನ ಇಬ್ಬರು ಹೆಂಗಸರ ಮಾತು ಗಿರಿಧರನ ಕಿವಿಗೆ ಬೀಳುತ್ತಿತ್ತು. ವೀಲಿಂಗ್ ಹುಡುಗರ ಜೊತೆ ವರ್ಷವಿಡೀ ತಾನೂ ಬೈಕಿನಲ್ಲಿ ಅಲೆದು ಫೋಟೋ ತೆಗೆದವನು ಅವನು. ಅವರಲ್ಲೊಬ್ಬನಾದ ಚೇತನ ಬೆಳಿಗ್ಗೆ ಬೈಕಿನಿಂದ ಬಿದ್ದಿದ್ದ; ಬೆಂಚಿನಲ್ಲಿ ಕೂತಿದ್ದ ಅವನ ತಾಯಿ ಮಲ್ಲಾಜಮ್ಮ ಗಿರಿಧರನನ್ನು ಹಿಂದೆ ಕಂಡವಳಲ್ಲ.

“ಅಮಾಸೆ ದಿನ ನಾನು ಗಾಡಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ನಲ್ಲ ರಾಧಾ, ಅದೇ ಇಲ್ಲ ಕಣೆ.”

“ಬಿದ್ದಾಗ ಕಿತ್ತೋಗಿರ್ತದೆ ಬುಡಕ್ಕ.”

“ಬೀಳಕೆ ಮುಂಚೇನೆ ಇರ್ಲಿಲ್ವಂತೆ. ‘ಎಲ್ಲೋ ಉದ್ರೋಯ್ತು ಕಣವ್ವ’ ಅಂದ.”

“ಓಗ್ಲಿ ಬುಡು.”

“ಕಣ್ಣು ಸರಿಯಾಗಿ ಕಾಣಕಿಲ್ಲ ನೋಡು, ಗಂಟು ಸಡ್ಲ ಹಾಕ್ಬುಟ್ಟಿವ್ನಿ. ನನ್ ಕೈಯಾರೆ ಮಗನ ಕಾಲು ಮುರ್ದೆ.”

“ಅಂಗನ್ಬ್ಯಾಡಕ್ಕ.”

ಗಂಟು ಬಿಗಿಯಾಗಿಯೇ ಇತ್ತು. ಫೋಟೋಗೆ ಅಡ್ಡ ಬರುತ್ತದೆಂದು ದಾರ ಕತ್ತರಿಸಿದವನು ಗಿರಿಧರ. ಹೇಳಿಬಿಡಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಒಳಗಿಂದ ನರ್ಸ್ ಕರೆದಳು.

ಎದ್ದು ನಿಂತ ಮಲ್ಲಾಜಮ್ಮ ಅವನ ತೊಡೆಯ ಮೇಲಿನ ಹೆಲ್ಮೆಟ್ ನೋಡಿದಳು.

“ನಿಮ್ಮವ್ವ ನಿನ್ ಗಾಡಿಗೂ ಕಟ್ಟವ್ಳಾ ಮಗ?”

ಅವನು ಹೆಲ್ಮೆಟ್ಟನ್ನು ಬೆಂಚಿನಡಿಗೆ ಸರಿಸಿದ.

“ಗಂಟು ಸಡ್ಲ ಇದ್ದಾತು, ಒಂದ್ಸಲ ನೋಡ್ಕೋ” ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದಳು.